ಭಾವನ ಬತ್ತಿ ಸ್ಟವ್ ಷೇರು

ಜಗತ್ತಿನ ಷೇರು ಪೇಟೆಗಳು ಏಳುವುದೂ ಬೀಳುವುದೂ ಯಾರ ಕೈಯಲ್ಲಿದೆ, ಗೊತ್ತೇ? ದೊಡ್ಡ ಬ್ಯಾಂಕುಗಳ ಕೈಯಲ್ಲಲ್ಲ, ಯುದ್ಧ ಹೂಡುವ ನಾಯಕರ ಕೈಯಲ್ಲೂ ಅಲ್ಲ. ಐರ್ಲೆಂಡಿನ ಕಾರ್ಕ್ ಊರಿನಲ್ಲಿ, ಪಂಚೆಯ ಮೇಲೆ ಉಣ್ಣೆಯ ಸ್ವೆಟರ್ ತೊಟ್ಟು ಕೂತಿರುವ ನಮ್ಮ ಭಾವನ ಕೈಯಲ್ಲಿದೆ! ಅವರು ಕೊಂಡ ಷೇರು ಮರುದಿನವೇ ಬೀಳುತ್ತದೆ, ಮಾರಿದ ಷೇರು ಅವರು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಏಳುತ್ತದೆ. ಒಬ್ಬ ಮನುಷ್ಯನ ಮಾತನ್ನು ಇಷ್ಟು ನಿಷ್ಠೆಯಿಂದ ಕೇಳುವ ಪೇಟೆಯನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮೈಸೂರಿನವರು, ಸಾಫ್ಟ್‌ವೇರ್ ಕೆಲಸ. ನಾನು ಊರ ಪಕ್ಕದ ಲಿಟಲ್ ಐಲ್ಯಾಂಡ್ ಎಂಬಲ್ಲಿನ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ದುಡಿಯುವವಳು. ಕೊರೊನಾ ಬಂದು, ಮನೆಯಿಂದ ಎರಡು ಕಿಲೋಮೀಟರ್ ದಾಟಬೇಡಿ ಎಂದು ಸರ್ಕಾರ ಗೆರೆ ಎಳೆದಾಗ, ಆ ಗೆರೆಯೊಳಗೆ ನನಗೆ ಸಿಕ್ಕಿದ ಏಕಮಾತ್ರ ನೆಂಟರು ಇವರು. ರಜೆಯ ದಿನ ವಾಕಿಂಗ್ ನೆಪದಲ್ಲಿ ಹೋಗಿ ಅವರ ಹಿತ್ತಿಲ ಗೋಡೆಯ ಆಚೆ ನಾನು ನಿಲ್ಲುವುದು, ಈಚೆ ಅಕ್ಕ, ಭಾವ, ಅವರ ಮಗಳು ನಿಲ್ಲುವುದು. ಅಕ್ಕ ಗೋಡೆಯ ಮೇಲೆ ಸಾರಿನ ಡಬ್ಬಿ ಇಟ್ಟು ಹಿಂದೆ ಸರಿಯುವಳು, ನಾನು ಮುಂದೆ ಬಂದು ಎತ್ತಿಕೊಳ್ಳುವೆ. ಸಾರಿನ ಜೊತೆಗೆ ಹೂಡಿಕೆಯ ಉಪದೇಶ ಉಚಿತ.

ಪೇಟೆ ದಬದಬನೆ ಬೀಳುತ್ತಿದ್ದ ಆ ಮಾರ್ಚಿನಲ್ಲಿ ಭಾವನ ಉಪದೇಶಕ್ಕೆ ಭಾರಿ ಬೇಡಿಕೆ ಬಂತು. ಊರಿನ ಕನ್ನಡದವರೆಲ್ಲ ಕಂಗಾಲಾಗಿದ್ದರು. ಭಾವ ಝೂಮ್‌ನಲ್ಲಿ ಶನಿವಾರದ ಸತ್ಸಂಗ ಶುರುಮಾಡಿಯೇಬಿಟ್ಟರು.

"ನೋಡಿ, ಎಲ್ಲಾ ದುಡ್ಡೂ ಒಂದೇ ಕಂಪನಿಗೆ ಹಾಕಬಾರದು. ಎಲ್ಲಾ ಹೆಣ್ಮಕ್ಕಳನ್ನೂ ಒಂದೇ ಮನೆಗೆ ಕೊಡ್ತಾರಾ? ಇಲ್ಲ ತಾನೆ? ಹಾಗೇ ಇದು!"

ಸರಿಯಾದ ಮಾತು. ನಮ್ಮಪ್ಪನೂ ಹಾಗೇ ಮಾಡಿದ್ದು. ಅಕ್ಕನನ್ನು ಇವರ ಮನೆಗೆ ಕೊಟ್ಟು, ಆಮೇಲೆ ಎಚ್ಚೆತ್ತುಕೊಂಡು, ನನ್ನನ್ನು ಬೇರೆ ಕಡೆ ಕೊಟ್ಟರು.

"ಎರಡನೇದು, ಪೇಟೆ ಬಿದ್ದಾಗ ಗಾಬರಿಯಾಗಿ ಮಾರಬಾರದು. ಹಾಲಿಗೆ ಹೆಪ್ಪು ಹಾಕಿದ ಮೇಲೆ ಪಾತ್ರೆ ಅಲ್ಲಾಡಿಸ್ತೀವಾ? ಮುಟ್ಟಬೇಡಿ! ಮೂರನೇದು, ಆರು ತಿಂಗಳ ಅಕ್ಕಿ ಬೇಳೆಗೆ ಆಗೋಷ್ಟು ಪಕ್ಕಕ್ಕೆ ಇಟ್ಟುಕೊಂಡೋನು ಮಾತ್ರ ಈ ಆಟಕ್ಕೆ ಇಳೀಬೇಕು."

ಈ ಮೂರನೆಯ ಸೂತ್ರವನ್ನು ನಾವೆಲ್ಲ ಬ್ಯಾಂಕಿನ ಉಳಿತಾಯ ಎಂದುಕೊಂಡೆವು. ಭಾವ ಅಕ್ಕಿಯೆಂದೇ ಹೇಳಿದ್ದರು! ಲಾಕ್‌ಡೌನ್ ಆಗುತ್ತದೆಂಬ ಸುಳಿವು ಸಿಕ್ಕಿದ ಕೂಡಲೇ ಇಂಡಿಯನ್ ಅಂಗಡಿಗೆ ನುಗ್ಗಿ, ಸೋನಾ ಮಸೂರಿ ಮೂಟೆಗಳನ್ನು ಕಾರಿನ ತುಂಬ ಹೇರಿಕೊಂಡು ಬಂದು, ಮೆಟ್ಟಿಲ ಕೆಳಗಿನ ಗೂಡಿನಿಂದ ಹಿಡಿದು ಮಗಳ ಓದುವ ಮೇಜಿನ ಅಡಿಯವರೆಗೂ ಪೇರಿಸಿದ್ದರು. ಮುಂದಿನ ವಾರ ಪೇಟೆ ಪಾತಾಳಕ್ಕಿಳಿಯಿತು. ಭಾವ ಕುಣಿದಾಡಿಬಿಟ್ಟರು.

"ಇದೇ ಟೈಮು ಕಣೇ! ಈಗ ಕೊಂಡೋನೇ ಜಾಣ!"

"ಕೊಳ್ಳೋಕೆ ದುಡ್ಡೆಲ್ಲಿದೆ?" ಎಂದಳು ಅಕ್ಕ. "ಎಲ್ಲಾ ಮೆಟ್ಟಿಲ ಕೆಳಗೆ ಕೂತಿದೆ, ಹೋಗಿ ತೊಳೆದು ಒಲೆ ಮೇಲಿಡಿ!"

ಒಂದು ಮಾತು ಒಪ್ಪಬೇಕು. ಭಾವನ ಹೂಡಿಕೆಗಳಲ್ಲಿ ಆ ವರ್ಷ ಬೀಳದೆ ನಿಂತದ್ದು ಆ ಅಕ್ಕಿ ಒಂದೇ.

ಇಷ್ಟೆಲ್ಲ ಸೂತ್ರ ಬಲ್ಲ ಭಾವನ ಬಳಿ ಯಾವ ಸೂತ್ರಕ್ಕೂ ಬಗ್ಗದ ಒಂದು ಷೇರಿತ್ತು. ಅದು ಬತ್ತಿ ಸ್ಟವ್ ತಯಾರಿಸುವ ಒಂದು ಕಂಪನಿಯದು. ಹೌದು, ಸೀಮೆಎಣ್ಣೆ ಹಾಕಿ, ಬತ್ತಿ ಏರಿಸಿ ಹಚ್ಚುವ ಅದೇ ಸ್ಟವ್! ಭಾವ ಎಸ್ಸೆಸ್ಸೆಲ್ಸಿ ಪಾಸಾದಾಗ ಅವರ ತಂದೆ ಮಗನ ಹೆಸರಿನಲ್ಲಿ ಕೊಂಡದ್ದು. ಅಂದು ಇಳಿಯಲು ಶುರುಮಾಡಿದ್ದು, ಇನ್ನೂ ಇಳಿಯುತ್ತಲೇ ಇದೆ. ಇನ್ನು ಇಳಿಯಲು ಜಾಗವೆಲ್ಲಿದೆ ಎಂದು ನಾವು ಅಂದುಕೊಳ್ಳುವಷ್ಟರಲ್ಲಿ ಅದು ಹೇಗೋ ಜಾಗ ಮಾಡಿಕೊಳ್ಳುತ್ತಿತ್ತು.

ಮುಂಬಯಿಯ ಪೇಟೆ ಮುಚ್ಚುವ ಹೊತ್ತಿಗೆ ನಮ್ಮಲ್ಲಿ ಇನ್ನೂ ಬೆಳಗಿನ ಕಾಫಿಯ ಹೊತ್ತು. ದಿನವೂ ಆ ಹೊತ್ತಿಗೆ, ಮೀಟಿಂಗ್ ಇರಲಿ, ಮನೆಗೆ ಬೆಂಕಿಯೇ ಬೀಳಲಿ, ಭಾವ ಹಿತ್ತಿಲಿಗೆ ಬಂದು ಮೈಸೂರಿಗೆ ಫೋನು ಹಚ್ಚುತ್ತಿದ್ದರು. ಅಲ್ಲಿ ಭಾವನ ತಮ್ಮನ ಫ್ಲಾಟಿನಲ್ಲಿರುವ ತಂದೆ, ಎಂಬತ್ತರ ಹತ್ತಿರದ ನಿವೃತ್ತ ಬ್ಯಾಂಕ್ ಗುಮಾಸ್ತರು, ಇದಕ್ಕೇ ಕಾದಿರುತ್ತಿದ್ದರು. ಫೋನು ಸ್ಪೀಕರಿನಲ್ಲಿ, ಅಕ್ಕಪಕ್ಕದ ನಾಲ್ಕು ಹಿತ್ತಿಲಿಗೂ ಪ್ರಸಾರ.

"ಅಪ್ಪಾ, ಸ್ಟವ್ ಇವತ್ತೂ ಇಳೀತು."

"ಇಳೀಲಿ ಬಿಡೋ. ಇಳಿದದ್ದು ಏರಲೇಬೇಕು."

"ಯಾರಪ್ಪಾ ಕೊಳ್ತಾರೆ ಈಗ ಬತ್ತಿ ಸ್ಟವ್ನ? ಮಾರಿಬಿಡ್ತೀನಿ."

"ಮಾರಿ ನೋಡು! ಗ್ಯಾಸು ಎಷ್ಟು ದಿನ ಇರತ್ತೋ? ಎಲ್ಲೋ ಯುದ್ಧ ಆಗತ್ತೆ, ಹಡಗು ನಿಲ್ಲತ್ತೆ, ಗ್ಯಾಸು ಬರಲ್ಲ. ಆಗ ಬತ್ತಿ ಸ್ಟವ್ಗೆ ಕ್ಯೂ ನಿಲ್ತಾರೆ!"

"ಸೀಮೆಎಣ್ಣೆನೂ ಹಡಗಲ್ಲೇ ಅಲ್ವೇನಪ್ಪಾ ಬರೋದು?"

"ಅದು ಬೇರೆ ಹಡಗು!"

ಟಕ್ಕೆಂದು ಫೋನು ಇಡುವರು. ಅಷ್ಟೇ! ಮಂಡಿನೋವು ಹೇಗಿದೆ ಎಂದು ಇವರು ಕೇಳುವುದಿಲ್ಲ, ಊಟ ಆಯಿತಾ ಎಂದು ಅವರು ಕೇಳುವುದಿಲ್ಲ. ಅಪ್ಪ ಮಗನ ನಡುವೆ ವರ್ಷಗಳಿಂದ ಇದೊಂದೇ ಮಾತು. ಅಕ್ಕ ಒಮ್ಮೆ ರೇಗಿದಳು.

"ಒಂದಿನಾನಾದ್ರೂ ಊಟ ಆಯ್ತಾ ಅಂತ ಕೇಳಬಾರದಾ ನೀವು?"

"ಅಪ್ಪ ಮಗ ಅದನ್ನೆಲ್ಲ ಕೇಳಲ್ಲ ಕಣೇ," ಎಂದರು ಭಾವ. "ರೇಟು ಕೇಳ್ತಾರೆ."

ಆ ಬೇಸಿಗೆಯಲ್ಲಿ ಮೈಸೂರಿನಲ್ಲಿ ತಂದೆಗೆ ಎಂಬತ್ತರ ಶಾಂತಿ ಮಾಡಿಸಬೇಕೆಂದು ಭಾವ ಟಿಕೆಟ್ ತೆಗೆದಿದ್ದರು. ವಿಮಾನಗಳು ನಿಂತವು, ಟಿಕೆಟ್ ರದ್ದಾಯಿತು. ಆ ಸುದ್ದಿ ಹೇಳಲು ಫೋನು ಹಚ್ಚಿದವರು ಏನು ಹೇಳಿದರು, ಊಹಿಸಿ!

"ಅಪ್ಪಾ, ಏರ್‌ಲೈನ್ ಷೇರೆಲ್ಲ ಬಿತ್ತು."

"ಗೊತ್ತಾಯ್ತು ಬಿಡೋ," ಎಂದರು ಅವರು. "ಮುಂದಿನ ವರ್ಷ ಏರತ್ತೆ."

ಇನ್ನು ಆ ಮೊಸರಿನ ಪ್ರಸಂಗ ಹೇಳದಿದ್ದರೆ ಅಕ್ಕ ನನ್ನನ್ನು ಕ್ಷಮಿಸುವುದಿಲ್ಲ. ಇಲ್ಲಿನ ಮನೆಗಳಲ್ಲಿ ಬಿಸಿನೀರಿನ ಸಿಲಿಂಡರ್ ಇಡುವ ಒಂದು ಬೆಚ್ಚಗಿನ ಗೋಡೆಬೀರು ಇರುತ್ತದೆ. ಹಾಟ್ ಪ್ರೆಸ್ ಎನ್ನುತ್ತಾರೆ. ಐರಿಷರು ಅದರಲ್ಲಿ ಟವೆಲು ಒಣಗಿಸುತ್ತಾರೆ. ನಾವು ಕನ್ನಡದವರು ದೋಸೆಹಿಟ್ಟು ಹುಳಿ ಬರಿಸುತ್ತೇವೆ, ಮೊಸರಿಗೆ ಹೆಪ್ಪು ಹಾಕಿಡುತ್ತೇವೆ. ಆ ಬೀರು ಇಲ್ಲದಿದ್ದರೆ ಈ ದೇಶದ ಥಂಡಿಯಲ್ಲಿ ನಾವೆಲ್ಲ ಎಂದೋ ಬ್ರೆಡ್ಡಿಗೆ ಮತಾಂತರ ಆಗಿರುತ್ತಿದ್ದೆವು.

ಪೇಟೆ ಕುಸಿಯುತ್ತಿದ್ದಾಗ, ಊರಿಗೆಲ್ಲ "ಮುಟ್ಟಬೇಡಿ" ಎಂದು ಬೋಧಿಸಿದ ಭಾವನಿಗೆ ತಮ್ಮ ಬೆರಳೇ ಮಾತು ಕೇಳುತ್ತಿರಲಿಲ್ಲ. ಫೋನು ತೆಗೆದು ನೋಡುವುದು, ಹಣೆ ಚಚ್ಚಿಕೊಳ್ಳುವುದು, ಪಂಚೆ ಎತ್ತಿ ಕಟ್ಟಿ ಹಿತ್ತಿಲ ಉದ್ದಕ್ಕೂ ಶತಪಥ ಹಾಕುವುದು. ಪಕ್ಕದ ಮನೆಯ ಐರಿಷ್ ಅಜ್ಜಿ ಕಿಟಕಿಯಿಂದ ನೋಡಿ, ಪಾಪ, ಕೆಲಸ ಹೋಯಿತೇನೋ ಎಂದು ಮರುಗಿ, ಬಾಗಿಲ ಮುಂದೆ ಸೋಡಾ ಬ್ರೆಡ್ ಇಟ್ಟು ಹೋದಳು. ಭಾವ ಅದನ್ನು ಕೈಯಲ್ಲಿ ಹಿಡಿದು ಗಂಭೀರವಾದರು.

"ನೋಡಿದ್ಯಾ? ಪೇಟೆ ಬಿದ್ದಿದ್ದು ಈ ಅಜ್ಜಿಗೂ ಗೊತ್ತಾಗಿದೆ!"

ಕಡೆಗೆ ತಮ್ಮ ಮೇಲೆ ತಮಗೇ ನಂಬಿಕೆ ಹೋಗಿ, ಫೋನನ್ನು ಅಕ್ಕನ ಕೈಗೆ ಕೊಟ್ಟರು. "ಕಾಫಿ ಹೊತ್ತಿಗೆ ಅಪ್ಪನಿಗೆ ಫೋನ್ ಮಾಡೋಕೆ ಮಾತ್ರ ಕೊಡು. ಉಳಿದ ಹೊತ್ತು ನಾನು ಬೇಡಿಕೊಂಡ್ರೂ ಕೊಡಬೇಡ!" ಅಕ್ಕ ಅದನ್ನು ಹಾಟ್ ಪ್ರೆಸ್ಸಿನಲ್ಲಿ, ಮೊಸರಿನ ಪಾತ್ರೆಯ ಹಿಂದೆ, ಟವೆಲುಗಳ ನಡುವೆ ಇಟ್ಟಳು. ಆಮೇಲೆ ಶುರುವಾಯಿತು ನೋಡಿ, ಭಾವನಿಗೆ ಮೊಸರಿನ ಮೇಲೆ ಎಲ್ಲಿಲ್ಲದ ಪ್ರೀತಿ!

"ಹೆಪ್ಪು ಆಯ್ತೇನೋ, ನೋಡ್ಕೊಂಡು ಬರ್ತೀನಿ."

ಬಾಗಿಲು ತೆಗೆಯುವರು, ಪೇಟೆ ನೋಡುವರು, ನಿಟ್ಟುಸಿರು ಬಿಟ್ಟು ಮುಚ್ಚುವರು. ಕಾಲು ಗಂಟೆಗೆ ಮತ್ತೆ ಮೊಸರಿನ ಚಿಂತೆ. ಬೀರಿನ ಬಿಸಿಯೆಲ್ಲ ಹೊರಗೆ, ಹೊರಗಿನ ಥಂಡಿಯೆಲ್ಲ ಒಳಗೆ. ಆ ವಾರ ಮನೆಯಲ್ಲಿ ಮೊಸರೇ ಆಗಲಿಲ್ಲ. ಅನ್ನಕ್ಕೆ ಹಾಲು ಸುರಿಯುತ್ತ ಅಕ್ಕ ಹೇಳಿದಳು, "ಊರಿಗೆಲ್ಲ ಪಾತ್ರೆ ಅಲ್ಲಾಡಿಸಬೇಡಿ ಅಂತೀರಿ. ನಮ್ಮನೆ ಪಾತ್ರೆ ನೋಡ್ರಿ ಸ್ವಲ್ಪ!"

"ಅಪ್ಪಾ, ಇಟ್ಸ್ ಓನ್ಲಿ ಯೋಗರ್ಟ್, ಲೈಕ್," ಎಂದಳು ಮಗಳು, ಅಪ್ಪಟ ಕಾರ್ಕ್ ರಾಗದಲ್ಲಿ. "ಬಿ ಗ್ರ್ಯಾಂಡ್!" ಗ್ರ್ಯಾಂಡ್ ಎಂದರೆ ಇಲ್ಲಿಯವರ ಬಾಯಲ್ಲಿ, ಎಲ್ಲ ಸರಿಹೋಗುತ್ತದೆ ಬಿಡು ಎಂದು.

ಬೇಸಿಗೆಗೆ ಭಾವ ಜ್ಯೋತಿಷ್ಯಕ್ಕೆ ತಿರುಗಿದರು. ರಾಹುಕಾಲದಲ್ಲಿ ಷೇರು ಕೊಳ್ಳಬಾರದು, ಸರಿ. ಯಾವ ಊರಿನ ರಾಹುಕಾಲ? ಪೇಟೆ ಇರುವುದು ಮುಂಬಯಿಯಲ್ಲಿ, ಗುಂಡಿ ಒತ್ತುವ ಬೆರಳಿರುವುದು ಕಾರ್ಕಿನಲ್ಲಿ! ಎರಡನ್ನೂ ಬಿಡುವುದೇ ಕ್ಷೇಮ ಎಂದು ತೀರ್ಮಾನಿಸಿದರು. ಇಲ್ಲಿ ಬೇಸಿಗೆಯಲ್ಲಿ ರಾತ್ರಿ ಊಟವಾದ ಮೇಲೂ ಸೂರ್ಯ ಮುಳುಗುವುದಿಲ್ಲ. ಹಗಲು ಉದ್ದವಾದಂತೆ ಅದರಲ್ಲಿ ಎಂಟನೆಯ ಒಂದು ಪಾಲಾದ ರಾಹುಕಾಲವೂ ಚೂಯಿಂಗ್ ಗಮ್ಮಿನಂತೆ ಎಳೆದುಕೊಂಡಿತು. ಅಲ್ಲಿನ ರಾಹು ಎದ್ದು ಹೋದರೆ ಇಲ್ಲಿನ ರಾಹು ಬಂದು ಕೂರುವನು. ಅದರ ಜೊತೆಗೆ ಗುಳಿಕ, ಯಮಗಂಡ, ಆಫೀಸಿನ ಮೀಟಿಂಗು. ಹೀಗಾಗಿ ಆ ಬೇಸಿಗೆಯಿಡೀ ಭಾವನಿಗೆ ಒಂದೇ ಒಂದು ಷೇರು ಕೊಳ್ಳಲಾಗಲಿಲ್ಲ. ಪೇಟೆ ನಿರಾತಂಕವಾಗಿ ಏರಿತು. ಕಾರಣ ಏನೆಂದು ಪತ್ರಿಕೆಗಳಲ್ಲಿ ಪಂಡಿತರು ತಲೆ ಕೆರೆದುಕೊಳ್ಳುತ್ತಿದ್ದರು. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ.

ಮರುವರ್ಷ ಬಂತು. ಏರ್‌ಲೈನ್ ಏರಲಿಲ್ಲ, ಎರಡನೆಯ ಅಲೆ ಏರಿತು. ಒಂದು ದಿನ ಕಾಫಿಯ ಹೊತ್ತಿನ ಫೋನು ಎತ್ತಿದವರು ತಂದೆಯಲ್ಲ, ತಮ್ಮ. ತಂದೆಗೆ ಸೋಂಕು ತಗುಲಿತ್ತು. ಆಸ್ಪತ್ರೆಗೆ ಸೇರಿಸಿದ್ದರು, ಆಮ್ಲಜನಕದ ಮುಖವಾಡ ಹಾಕಿದ್ದರು, ಮಾತು ನಿಂತಿತ್ತು. ವಾರ್ಡಿನೊಳಗೆ ಮನೆಯವರನ್ನು ಬಿಡುತ್ತಿರಲಿಲ್ಲ. ಇಲ್ಲಿಂದ ಹೋಗೋಣವೆಂದರೆ ದಾರಿಯೇ ಇರಲಿಲ್ಲ. ಇದ್ದ ವಿಮಾನಗಳೂ ಒಂದೊಂದಾಗಿ ರದ್ದಾಗುತ್ತಿದ್ದವು. ತಮ್ಮ ಹೇಗೋ ಕಾಡಿ ಬೇಡಿ, ದಿನಕ್ಕೊಮ್ಮೆ ವಾರ್ಡಿನ ನರ್ಸ್ ತಂದೆಯ ಕಿವಿಯ ಬಳಿ ಫೋನು ಹಿಡಿಯುವಂತೆ ಮಾಡಿದ.

ಅಷ್ಟರಲ್ಲಿ ಇಲ್ಲಿ ಹಿತ್ತಿಲಲ್ಲಿ ಸೇರಲು ಅನುಮತಿ ಸಿಕ್ಕಿತ್ತು. ನಾನು ರಜೆ ಹಾಕಿ, ಗೋಡೆ ಬಿಟ್ಟು ಒಳಗೆ ಬಂದು, ಅಕ್ಕನ ಪಕ್ಕ ಬೆಂಚಿನ ಮೇಲೆ ಕೂರುತ್ತಿದ್ದೆ. ಭಾವ ಎದುರಿಗೆ ನಿಂತಿರುವರು. ಇಂಥ ಹೊತ್ತಿನಲ್ಲಾದರೂ ಬಾಯಿಬಿಟ್ಟು ಎರಡು ಮಾತಾಡಬಾರದೇ ಎಂದು ನಾನು ಕಾಯುತ್ತಿದ್ದೆ. ಮೊದಲ ದಿನ ಭಾವ ಫೋನನ್ನು ಬಾಯಿಯ ಹತ್ತಿರ ಹಿಡಿದರು.

"ಅಪ್ಪಾ, ಸ್ಟವ್ ಏರಿದೆ."

ನಾನು ಅಕ್ಕನ ಮುಖ ನೋಡಿದೆ. ಅಕ್ಕ ತನ್ನ ಫೋನು ತೆಗೆದು ರೇಟು ತೋರಿಸಿದಳು. ಇಳಿದಿತ್ತು.

ಮರುದಿನ ಭಾವನ ಬಾಯಲ್ಲಿ ಅದು ಇನ್ನೂ ಏರಿತು. ಅದರ ಮರುದಿನ ಇನ್ನೂ. ಭಾವ ಬೇರೆ ಯಾವ ಷೇರನ್ನೂ ನೋಡುತ್ತಿರಲಿಲ್ಲ. ಹಾಟ್ ಪ್ರೆಸ್ಸಿನ ಬಾಗಿಲು ತೆಗೆಯುವವರಿಲ್ಲದೆ ಮನೆಯಲ್ಲಿ ಕಲ್ಲಿನಂಥ ಮೊಸರು ಆಗುತ್ತಿತ್ತು, ಉಣ್ಣುವವರಿರಲಿಲ್ಲ. "ಅಪ್ಪಾ, ಬತ್ತಿ ಸ್ಟವ್ಗೆ ಜನ ಕ್ಯೂ ನಿಂತಿದ್ದಾರಂತೆ," ಎನ್ನುವರು. ಆ ಕಡೆಯಿಂದ ಯಂತ್ರದ ಸುಯ್ಯೆನ್ನುವ ಸದ್ದು ಮಾತ್ರ. ಮಗಳು ಹಿಂದಿನಿಂದ ಬಂದು ಅವರ ಇನ್ನೊಂದು ಕೈಯನ್ನು ಹಿಡಿದುಕೊಳ್ಳುವಳು. "ತಾತ ವಿಲ್ ಬಿ ಗ್ರ್ಯಾಂಡ್, ಅಪ್ಪಾ." ಭಾವ ತಲೆಯಾಡಿಸುವರು. ಆ ಸ್ಟವ್ ಷೇರನ್ನು ಅವರು ಇಷ್ಟು ವರ್ಷ ಯಾಕೆ ಮಾರಲಿಲ್ಲ ಎಂಬುದು ನನಗೆ ಆಗ ಅರ್ಥವಾಯಿತು. ಮಾರಿದರೆ ನಾಳೆಯಿಂದ ಅಪ್ಪನ ಹತ್ತಿರ ಮಾತಾಡುವುದೇನನ್ನು?

ಹೀಗೇ ಒಂದು ಬೆಳಿಗ್ಗೆ. ಭಾವ ಎಂದಿಗಿಂತ ಜೋರಾಗಿ, ಪಕ್ಕದ ಅಜ್ಜಿಗೂ ಕೇಳುವಂತೆ ಹೇಳಿದರು. "ಅಪ್ಪಾ, ದುಪ್ಪಟ್ಟಾಗಿದೆ! ಸ್ಟವ್ ದುಪ್ಪಟ್ಟಾಗಿದೆ!"

ಯಂತ್ರದ ಸದ್ದು. ಆಮೇಲೆ ಮುಖವಾಡ ಸರಿಸಿದಂತೆ ಏನೋ ಕೆರೆದ ಸದ್ದು. ಆಮೇಲೆ, ಒಡೆದ ಒಂದು ದನಿ.

"ಸುಳ್ಳು... ಹೇಳ್ಬೇಡ್ವೋ."

ಅಕ್ಕ ನನ್ನ ಕೈ ಹಿಂಡಿದಳು.

"ಅದು... ಏರೋ ಜಾತಿ ಅಲ್ಲ. ನಂಗೊತ್ತಿಲ್ವಾ... ಇಷ್ಟು ವರ್ಷದಿಂದ?"

ಗೊತ್ತಿತ್ತಂತೆ! ಆ ಹಡಗು, ಆ ಯುದ್ಧ, ಆ ಕ್ಯೂ, ಎಲ್ಲವೂ ಬರೀ ಬುರುಡೆ ಎಂದು ಮೊದಲಿನಿಂದಲೂ ಅವರಿಗೆ ಗೊತ್ತಿತ್ತು. ಭಾವ ಹುಲ್ಲಿನ ಮೇಲೆ ಕೂತು, ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯದ ಹಾಗೆ ಕೇಳಿದರು.

"ಹಾಗಾದ್ರೆ ಮಾರಿಬಿಡ್ಲೇನಪ್ಪಾ?"

"ಮಾರಿ... ನೋಡು!"

ಭಾವ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು. ನರ್ಸ್ ಫೋನು ತೆಗೆದುಬಿಟ್ಟಳೇನೋ ಎಂದು ನಾವು ಅಂದುಕೊಳ್ಳುವಷ್ಟರಲ್ಲಿ, ಭಾವ ಮೊದಲ ಬಾರಿಗೆ, ತೊದಲುತ್ತ, ಪರೀಕ್ಷೆಗೆ ಕೂತವರಂತೆ ಕೇಳಿದರು.

"ಅಪ್ಪಾ... ಊಟ ಆಯ್ತಾ?"

"ಗಂಜಿ," ಎಂದಿತು ಆ ದನಿ. ಉಸಿರು ಎಳೆದುಕೊಂಡಿತು. "ನಾಳೆ... ಸರಿಯಾದ ರೇಟು ಹೇಳು."