ಮಾವ ಉಂಡ ತಂಬುಳಿ

ಭಯ ಬೀಳಲು ನನಗೆ ದೊಡ್ಡ ಕಾರಣ ಬೇಕಾಗಿಲ್ಲ. ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಕಡಿಯಾಳಿಯ ಬಸ್‌ಸ್ಟಾಪಿನಿಂದ ಮನೆಗೆ ಓಡಿಬಂದ ಮನುಷ್ಯ ನಾನು. ಹಾಗಿದ್ದೂ ಅಡುಗೆಮನೆ ನನ್ನ ಪಾಲಿಗೇ ಬಂದಿದೆ; ಹೆಂಡತಿ ಬೆಳಗ್ಗೆಯೇ ಮಣಿಪಾಲಕ್ಕೆ ಕೆಲಸಕ್ಕೆ ಹೋಗುತ್ತಾಳೆ. ಕಾರ್ಕಳದ ಅತ್ತೆ ಕಳೆದ ಮಳೆಗಾಲದಲ್ಲಿ ಹುಳಿಸೊಪ್ಪಿನ ಒಂದು ಬುಡವನ್ನು ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದರು. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಚಿಗುರುತ್ತದಂತೆ. ಒಡೆದ ಬಕೆಟಿನಲ್ಲಿ ನೆಟ್ಟೆ, ಅಕ್ಕಿ ತೊಳೆದ ನೀರು ಹಾಕಿದೆ, ಬಸವನಹುಳು ಹೆಕ್ಕಿದೆ. ಮೊನ್ನೆ ಮಾವ ಒಬ್ಬರೇ ಬಂದಾಗ, ಮೊದಲ ಕೊಯ್ಲಿಗೆ ಇದಕ್ಕಿಂತ ಒಳ್ಳೆಯ ದಿನ ಇಲ್ಲವೆನಿಸಿತು. ಸೊಪ್ಪನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಳುಮೆಣಸು, ತೆಂಗಿನತುರಿ ಸೇರಿಸಿ ಅರೆದು ಮಜ್ಜಿಗೆಗೆ ಬೆರೆಸಿದೆ. ದೇವರಿಗೆ ಇಡುವ ಮೊದಲು ರುಚಿ ನೋಡುವ ಕ್ರಮ ನಮ್ಮಲ್ಲಿಲ್ಲ. ಆಮೇಲೆ ನೋಡಲು ಮಾವ ಬಿಡಲಿಲ್ಲ; "ಒಳ್ಳೆ ಹುಳಿ ಉಂಟು" ಎನ್ನುತ್ತ ಅಂಗೈಗೆ ಹಾಕಿಸಿಕೊಂಡು ಕುಡಿದು, ಪಾತ್ರೆ ಖಾಲಿ ಮಾಡಿ, ಆರಾಮಕುರ್ಚಿಯಲ್ಲಿ ಒರಗಿದರು.

ಆಗ ಅತ್ತೆಯ ಫೋನ್. "ಆ ಸೊಪ್ಪು ಬಾಯಿಗೆ ಹಾಕ್ಬೇಡಿ ಆಯ್ತಾ, ಅವರಿಗೂ ಬಡಿಸ್ಬೇಡಿ. ನಿಮ್ಗೆ ಕಿತ್ತು ಕೊಟ್ಟ ಅದೇ ಪಾತಿಯದ್ದನ್ನು ಇಲ್ಲಿ ಇವತ್ತು ಜಗಿದು ನೋಡಿದೆ, ಹುಳಿಯೇ ಇಲ್ಲ. ಎಂತ ಕಳೆಯೋ ಏನೋ!"

"ಆಯ್ತು" ಎಂದಷ್ಟೇ ಹೇಳಿ ಫೋನ್ ಇಟ್ಟೆ. ಹುಳಿ ಉಂಟು ಎಂದು ಮಾವನೇ ಹೇಳಿದರಲ್ಲ ಎಂದು ಸಮಾಧಾನ ಮಾಡಿಕೊಳ್ಳಹೊರಟರೆ, ಆ ಹುಳಿ ಮಜ್ಜಿಗೆಯದ್ದೂ ಇರಬಹುದಲ್ಲ! ಬಕೆಟಿನ ಹತ್ತಿರ ಹೋಗಿ ಒಂದೆಲೆ ಜಗಿದಿದ್ದರೆ ಮುಗಿಯುತ್ತಿತ್ತು. ಕಿತ್ತೆ, ತುಟಿಯವರೆಗೆ ತಂದೆ. ಆಂಬುಲೆನ್ಸಿಗೆ ಫೋನ್ ಮಾಡಲು ಮನೆಯಲ್ಲಿ ಒಬ್ಬನಾದರೂ ಸರಿ ಇರಬೇಕಲ್ಲ ಎಂದು ಬಿಸಾಡಿದೆ. ಹೆಂಡತಿಗೆ ಏನೆಂದು ಹೇಳಲಿ? ನಿನ್ನ ಅಪ್ಪನಿಗೆ ಯಾವುದೋ ಕಳೆಯನ್ನು ತುಪ್ಪದಲ್ಲಿ ಹುರಿದು ಬಡಿಸಿದೆ ಎಂದೇ? ಅಷ್ಟರಲ್ಲಿ ಒಳಗಿನ ಗೊರಕೆ ಗಕ್ಕನೆ ನಿಂತಿತು. ಓಡಿಹೋಗಿ ಮಾವನ ಮೂಗಿನ ಬಳಿ ಬೆರಳು ಹಿಡಿದೆ.

ಅವರು ಕಣ್ಣು ತೆರೆದರು. "ಎಂತ ಮಾರಾಯ್ರೆ, ನನ್ನ ಮೂಗು ಹಿಂಡುವ ಯೋಚನೆ ಉಂಟಾ?"

ಎಲ್ಲ ಹೇಳಿದೆ. ಮಾವ ಎದ್ದು ಬಂದು, ಬಕೆಟಿನಿಂದ ಒಂದೆಲೆ ಕಿತ್ತು ಜಗಿದರು; ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು. "ಅಬ್ಬ, ಹುಳಿ! ಸರಿಯಾದ್ದು ಇದುವೇ. ಅಲ್ಲಿ ನಾನು ಕಳೆ ಕೀಳುವಾಗ ಸೊಪ್ಪನ್ನೇ ಕಿತ್ತು ಕಳೆಯನ್ನು ಬಿಟ್ಟಿರಬೇಕು. ನಿಮ್ಮ ಅತ್ತೆಗೆ ಹೇಳ್ಬೇಡಿ, ಮತ್ತೆ ನನ್ನನ್ನು ಹಿತ್ತಲಿಗೆ ಇಳಿಯಲಿಕ್ಕೇ ಬಿಡುವುದಿಲ್ಲ. ತಗೊಳ್ಳಿ, ನೀವೂ ಒಂದು ತಿನ್ನಿ."

ವಿನಯದಿಂದ ತೆಗೆದುಕೊಂಡೆ. ಆದರೆ ಸೊಪ್ಪು ಯಾವುದು, ಕಳೆ ಯಾವುದು ಎಂದು ಗೊತ್ತಾಗದವರು ಕೊಟ್ಟ ಸರ್ಟಿಫಿಕೇಟು ಅದು. ಎಲೆಯನ್ನು ಅಂಗಿಯ ಜೇಬಿನಲ್ಲಿಟ್ಟು, "ಸಂಜೆ ಚಹಾ ಆದ ಮೇಲೆ ತಿನ್ನುತ್ತೇನೆ ಮಾವ" ಎಂದೆ. ಅಷ್ಟು ಹೊತ್ತಿಗೆ ಅವರು ಹೇಗಿದ್ದಾರೆಂದು ಗೊತ್ತಾಗುತ್ತದಲ್ಲ.