ಕಾಕಾ ನುಂಗಿದ ಕೊನೆಯ ಮಾತು

ನಮ್ಮ ಕಾಕಾನ ಜೋಕು ಕೇಳಲು ಹೋಗುವವರು ಬುತ್ತಿ ಕಟ್ಟಿಕೊಂಡೇ ಹೋಗಬೇಕು! ಜೋಕು ಉದ್ದವೆಂದಲ್ಲ. ಚಕಚಕನೆ ಹೇಳುತ್ತ ಬಂದು, ಕೊನೆಯ ಮಾತು ಒಂದೇ ಉಳಿದಾಗ ಬಾಯಿ ಮುಚ್ಚಿ ನಿಂತುಬಿಡುತ್ತಿದ್ದರು. ಅವರು ವಡಗಾವಿಯ ನೇಕಾರರಲ್ಲವೇ, ಮಗ್ಗದ ಸದ್ದು ನಿಂತ ಮೇಲೆ ಮಾತಾಡುವ ಚಾಳಿ ಇದು ಎಂದು ನಾವು ಅಂದುಕೊಂಡಿದ್ದೆವು.

ಅವರದೊಂದು ಖಾಸಾ ಜೋಕಿತ್ತು. ಹಬ್ಬಕ್ಕೆ ಬಂದ ಅಳಿಯ ತಿಂಗಳಾದರೂ ಜಾಗ ಬಿಡುವುದಿಲ್ಲ. ಅತ್ತೆ ಕೇಳುತ್ತಾಳೆ, "ಅಳಿಯಂದ್ರ, ಊರಾಗ ನಿಮ್ಮವ್ವ ಒಬ್ಬಾಕಿನ ದಾರಿ ಕಾಯಾಕತ್ತಿರಬೇಕಲ್ರಿ?" ಅಳಿಯ ಕಣ್ಣೊರೆಸಿಕೊಂಡು ಅನ್ನುತ್ತಾನೆ, "ಹೌದ್ರಿ, ಪಾಪ..." ಇಲ್ಲಿಗೆ ಕಾಕಾ ಸ್ತಬ್ಧ!

ಶಿವಬಸವ ನಗರದ ನೆಂಟರ ವಾಸ್ತುಶಾಂತಿಯಲ್ಲಿ ಇದನ್ನು ಶುರು ಮಾಡಿದರು. "ಪಾಪ..." ಎನ್ನುವಷ್ಟರಲ್ಲಿ ಅವರ ಹೆಂಡತಿ, ನಮ್ಮ ಕಾಕು, ಕುಂಕುಮ ಹಚ್ಚಿಸಿಕೊಳ್ಳಲು ಆಚೆ ತಿರುಗಿದಳು, ಯಜಮಾನರು ಊಟಕ್ಕೆ ಕರೆದರು, ಜನ ಎದ್ದು ಹೋದರು. ಕೊನೆಯ ಪಂಕ್ತಿಯಲ್ಲಿ ಕಾಕು ಎದುರಿಗೆ ಬಂದು ಕೂತ ಮೇಲೆ ಕಾಕಾ ಜೋಕಿನ ಉಳಿದ ಮಾತನ್ನು ಗಟ್ಟಿಯಾಗಿ ಹೇಳಿದರು, "ಅಕಿನ್ನೂ ಇಲ್ಲಿಗೇ ಕರಸ್ರಿ."

ಬಡಿಸುತ್ತಿದ್ದವನು ಗಾಬರಿಯಾದ. "ಇನ್ನ ಯಾರನ್ನೂ ಕರಸಬ್ಯಾಡ್ರಿ. ಹುಗ್ಗಿ ಮುಗದೈತಿ."

ಇಂಥವರನ್ನು ಹಿಂದವಾಡಿಯ ಹಾಸ್ಯ ಸಂಜೆಗೆ ನಾನೇ ಶಿಫಾರಸು ಮಾಡಿದೆ. ಬುದ್ಧಿ ಇರಬೇಕಲ್ಲ! ಅಲ್ಲಿಯೂ "ಪಾಪ..." ಎಂದು ನಿಂತರು. ಮೊದಲ ಸಾಲಿನಲ್ಲಿ ಕಾಕು ಬಗ್ಗಿ ಚಪ್ಪಲಿ ಹುಡುಕುತ್ತಿದ್ದಳು. ಜೋಕು ಮುಗಿಯಿತೆಂದು ನಿರೂಪಕರು ಇನ್ನೊಬ್ಬರನ್ನು ಕರೆದರು. ಕಾಕಾ ಬಿಡುತ್ತಾರೆಯೇ? ವಂದನಾರ್ಪಣೆಯ ನಡುವೆ ಮೈಕು ಹಿಡಿದು ಉಳಿದ ಮಾತು ಹೇಳಿದರು. ಅಧ್ಯಕ್ಷರು ತಮ್ಮ ಹೆಂಡತಿಗೂ ಸನ್ಮಾನವೆಂದು ತಿಳಿದು ಅವರನ್ನು ವೇದಿಕೆಗೆ ಕರೆಸಿಕೊಂಡರು!

ಸಂಘಟಕರು ನನ್ನನ್ನು ಬದಿಗೆ ಕರೆದರು. "ಖಾನಾಪುರದ ಕಾರ್ಯಕ್ರಮದಾಗ ಇದೊಂದು ಸಲ ನೋಡೂಣು. ಅಲ್ಲೂ ಹಿಂಗ ನಿಂತ್ರ ನಿಮ್ಮ ಕಾಕಾರನ್ನ ಮತ್ತ ಕರಿಯೂದಿಲ್ಲ." ಕಾಕಾನಿಗೆ ಹೇಳಿದಾಗ ಅವರ ಮುಖ ಸಣ್ಣದಾಯಿತು. ವಾರವೆಲ್ಲ ಮಗ್ಗದ ಮುಂದೆ ನಿಂತು ವೇದಿಕೆಯ ಆ ಹತ್ತು ನಿಮಿಷಕ್ಕಾಗಿ ಕಾಯುವ ಜೀವ ಅದು.

ಖಾನಾಪುರದಲ್ಲಿ ಎಲ್ಲ ಸರಿಯಾಗಿಯೇ ನಡೆದಿತ್ತು. "ಹೌದ್ರಿ, ಪಾಪ..." ಎಂದರು. ಕರೆಂಟು ಹೋಯಿತು. ಜನ ಸಿಳ್ಳೆ ಹಾಕತೊಡಗಿದರು. ಕಾಕಾ ಮಾತ್ರ ತುಟಿ ಬಿಚ್ಚಲಿಲ್ಲ. ಬಾಯಿಗೂ ಕರೆಂಟು ಬೇಕೇ? ರೇಗಿಹೋಗಿ ವೇದಿಕೆ ಹತ್ತಿದೆ.

"ಕೈ ಮುಗೀತೇನಿ ಕಾಕಾ, ಹೇಳಿಬಿಡ್ರಿ."

"ತಡಿಯೋ ತಮ್ಮಾ. ಕತ್ತಲಾಗ ನಿಮ್ಮ ಕಾಕುಗ ನನ್ನ ತುಟಿ ಕಾಣೂದಿಲ್ಲ."

ಮಗ್ಗದ ಸದ್ದಿಗೆ ಕಾಕುವಿನ ಕಿವಿ ಎಂದೋ ಹೋಗಿದ್ದವು. ತುಟಿ ನೋಡಿಯೇ ಅವಳು ಮಾತು ತಿಳಿಯುತ್ತಾಳೆಂದು ಮನೆಗೆಲ್ಲ ಗೊತ್ತು. ಕಾಕಾ ಇಷ್ಟು ದಿನ ಕಾದದ್ದು ಅವಳು ತಮ್ಮ ಕಡೆ ನೋಡಲಿ ಎಂದು, ಅದು ಮಾತ್ರ ನಮಗೆ ಯಾರಿಗೂ ಹೊಳೆದಿರಲಿಲ್ಲ.

ಸಂಘಟಕರ ಕೈಯಲ್ಲಿದ್ದ ಬ್ಯಾಟರಿ ಕಸಿದುಕೊಂಡು ಅದರ ಬೆಳಕನ್ನು ಕಾಕಾನ ಮುಖಕ್ಕೆ ಹಿಡಿದೆ. ಅವರು ಮೊದಲ ಸಾಲಿನ ಕಡೆ ತಿರುಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು, "ಅಕಿನ್ನೂ ಇಲ್ಲಿಗೇ ಕರಸ್ರಿ."

ಕತ್ತಲಲ್ಲಿ ಮೊದಲು ಕಾಕು ಒಬ್ಬಳೇ ನಕ್ಕಳು. ಆಮೇಲೆ ಇಡೀ ಸಭೆ ನಕ್ಕಿತು. ಬೆಳಕು ಅಲ್ಲಾಡಬಾರದೆಂದು ನಾನು ಬ್ಯಾಟರಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.