ಪಾಠದ ಪ್ಲಾನ್ ಹಂಚಿಕೊಂಡ ಫಜೀತಿ

ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರೂ ಊರಿನ ಡಿಗ್ರಿ ಕಾಲೇಜುಗಳಲ್ಲಿ ನಾನು ಅತಿಥಿ ಉಪನ್ಯಾಸಕನಾಗಿ ಅರ್ಥಶಾಸ್ತ್ರ ಕಲಿಸಿದ್ದೇನೆ. ನನ್ನ ಪಾಠ ಕೇಳಿ ಯಾರೂ ಅಷ್ಟಾಗಿ ನಕ್ಕಿಲ್ಲ. ಆದರೆ ಪಾಠ ಹೇಗೆ ಮಾಡುತ್ತೇವೆಂದು ಕಾಗದದ ಮೇಲೆ ಬರೆದು ಒಬ್ಬರಿಗೊಬ್ಬರು ಹಂಚಿಕೊಳ್ಳಲು ಹೋದಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ.

ಪಾಣಿಪತ್ತಿನ ರಸಾಯನ

ಗೋಕಾಕದಲ್ಲಿ ತಪಾಸಣಾ ಸಮಿತಿ ಬರುವುದಿತ್ತು. "ಎಲ್ಲಾರೂ ಒಂದ ನಮೂನಿ ಪ್ಲಾನ್ ಕೊಡ್ರಿ" ಎಂದರು ಪ್ರಾಚಾರ್ಯರು. ಇತಿಹಾಸದ ಮೇಡಂ ಎಲ್ಲರಿಗಿಂತ ಮೊದಲು ಬರೆದು, "ಇದನ್ನ ನೋಡಿ ಬರೀರಿ" ಎಂದು ವಾಟ್ಸಾಪ್ ಗ್ರೂಪಿಗೆ ಹಾಕಿದರು. ರಸಾಯನಶಾಸ್ತ್ರದ ಸರ್ ನೋಡಲೂ ಇಲ್ಲ, ಬರೆಯಲೂ ಇಲ್ಲ. ಮೇಲಿನ ಹೆಸರು, ವಿಷಯ ಬದಲಿಸಿ ಕೊಟ್ಟೇಬಿಟ್ಟರು.

ಸಮಿತಿಯ ಹಿರಿಯರು ಕನ್ನಡಕ ಏರಿಸಿ ಕೇಳಿದರು: "ರಸಾಯನಶಾಸ್ತ್ರದಾಗ ಪಾಣಿಪತ್ ಯುದ್ಧ ಯಾಕ ಬಂತ್ರಿ?"

"ತೋಪಿನ ಮದ್ದು ಹೇಳಿಕೊಡಾಕ್ರಿ ಸರ."

ಹಿರಿಯರು ಕೆಳಗಿನ ಸಾಲಿಗೆ ಬೆರಳಿಟ್ಟರು. "ಮತ್ತ ನೂರಜಹಾನ್?"

"ಆಕಿ ಕಂಡುಹಿಡದ ಗುಲಾಬಿ ಅತ್ತರ್ ಮಾಡೋದು ರೀ" ಎಂದರು ನಮ್ಮ ಸರ್.

ಬಾಣ

ಮೂಡಲಗಿಯಲ್ಲಿ ಒಂದು ದಿನದ ತರಬೇತಿ. ಇನ್ನು ಪ್ಲಾನ್ ಬರೆಯಬಾರದು, ಚಿತ್ರ ಬಿಡಿಸಬೇಕು ಎಂದರು ತರಬೇತಿ ಕೊಡಲು ಬಂದವರು. ಕನ್ನಡದ ಸರ್ ಉಮೇದಿಯಿಂದ ದೊಡ್ಡ ಡ್ರಾಯಿಂಗ್ ಹಾಳೆ ತಂದರು. ಬೋಧನೆಯಿಂದ ಚರ್ಚೆಗೆ ಬಾಣ, ಚರ್ಚೆಯಿಂದ ಪರೀಕ್ಷೆಗೆ ಬಾಣ, ಪರೀಕ್ಷೆಯಿಂದ ಮತ್ತೆ ಬೋಧನೆಗೆ ಬಾಣ. ಬಣ್ಣ ತುಂಬಿ ವರ್ಗದ ಗೋಡೆಗೆ ಅಂಟಿಸಿದರು.

ಮೂರು ಸಲ ನಪಾಸಾಗಿದ್ದ ನಾಗನೂರಿನ ವಿದ್ಯಾರ್ಥಿಯೊಬ್ಬ ಅದರ ಮುಂದೆ ಬಹಳ ಹೊತ್ತು ನಿಂತ.

"ತಿಳೀತೇನಪಾ?" ಎಂದರು ಸರ್, ಹೆಮ್ಮೆಯಿಂದ.

"ತಿಳೀತ್ರಿ ಸರ. ಆದ್ರ ಹೊರಗ ಹೋಗೋ ಬಾಣ ಎಲ್ಲೈತ್ರಿ?"

ನಗುವರು

ಹುಕ್ಕೇರಿಯದು ನನ್ನದೇ ಕಥೆ. ನಮ್ಮ ವಿಭಾಗದ ಹಿರಿಯ ಮೇಡಂ ಮಗಳ ಬಾಣಂತನಕ್ಕೆಂದು ಘೋಡಗೇರಿಗೆ ಹೊರಟಾಗ ತಮ್ಮ ಪ್ಲಾನ್ ನನ್ನ ಕೈಗಿತ್ತರು. "ನಿಮಿಷ ನಿಮಿಷದ್ದೂ ಬರದೇನಿ. ಸುಮ್ನ ಹಂಗ ಮಾಡ್ಕೋತ ಹೋಗ್ರಿ."

ಮರುದಿನವೇ ಪಾಠ ನೋಡಲು ಮೇಲಧಿಕಾರಿಯೊಬ್ಬರು ಬಂದು ಕೊನೆಯ ಬೆಂಚಿನಲ್ಲಿ ಕುಳಿತರು. ಮುಂದಿನ ವರ್ಷ ನನ್ನನ್ನು ಇಟ್ಟುಕೊಳ್ಳುವುದೋ ಬಿಡುವುದೋ, ಅವರ ವರದಿಯ ಮೇಲಿತ್ತು. ಅವರ ಕೈಯಲ್ಲೂ ಪ್ಲಾನಿನ ಒಂದು ಪ್ರತಿ. ಅದರಲ್ಲಿ ಮೇಡಂ ಬರೆದಿದ್ದರು: 'ಹನ್ನೆರಡನೇ ನಿಮಿಷ: ಎಮ್ಮೆಯ ಜೋಕ್. ವಿದ್ಯಾರ್ಥಿಗಳು ನಗುವರು.'

ಗಡಿಯಾರ ನೋಡಿ, ಸರಿಯಾಗಿ ಹನ್ನೆರಡನೇ ನಿಮಿಷಕ್ಕೆ ಹೇಳಿದೆ: "ಸಂತ್ಯಾಗ ಒಬ್ಬಾಂವ ಕೇಳಿದನಂತ, ಈ ಎಮ್ಮಿ ಎಷ್ಟು ಹಾಲು ಕೊಡತೈತಿ? ಮಾರಾಂವ ಅಂದನಂತ, ಅದು ಕೊಡೂದಿಲ್ರಿ, ನಾವ ಹಿಂಡ್ಕೋಬೇಕು."

ಒಂದು ಹಲ್ಲೂ ಕಾಣಲಿಲ್ಲ. ಇಡೀ ವರ್ಗ ಜೋಕನ್ನು ನೋಟ್ಸಿನಲ್ಲಿ ಬರೆದುಕೊಳ್ಳುತ್ತಿತ್ತು.

ಹಿಂದಿನಿಂದ ದನಿ ಬಂತು: "ಇಲ್ಲಿ ವಿದ್ಯಾರ್ಥಿಗಳು ನಗುವರು ಅಂತ ಐತಿ. ಯಾರೂ ನಗಲಿಲ್ಲಲ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಬೆಂಚಿನ ಹುಡುಗಿ ಗಾಬರಿಯಿಂದ ಎದ್ದು ನಿಂತಳು. "ತಪ್ಪಾತ್ರಿ ಸರ! ಇಲ್ಲಿ ನಗೋದೈತಿ ಅಂತ ನಮಗ್ಯಾರೂ ಪ್ಲಾನ್ ಕೊಟ್ಟಿರಲಿಲ್ರಿ!"

ವರ್ಗ ಬಿದ್ದುಬಿದ್ದು ನಕ್ಕಿತು. ಅಧಿಕಾರಿಯೂ ನಕ್ಕು ಕಣ್ಣೊರೆಸಿಕೊಂಡರು, ಆಮೇಲೆ ಗಡಿಯಾರ ನೋಡಿ ಏನೋ ಬರೆದುಕೊಂಡರು. ನನ್ನ ಕೆಲಸವೇನೋ ಉಳಿಯಿತು. ವರದಿ ಕೈಗೆ ಬಂದಾಗ ಅದರಲ್ಲಿ ಹೀಗಿತ್ತು: 'ಪಾಠ ಪ್ಲಾನಿನಂತೆಯೇ ನಡೆಯಿತು. ವಿದ್ಯಾರ್ಥಿಗಳು ನಕ್ಕರು, ಎರಡು ನಿಮಿಷ ತಡವಾಗಿ.'